ಕೈ ನಿಂತ ಸೀನು

ನೀವು ಇದನ್ನು ನಂಬುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ. ಹೋದ ವರ್ಷ ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಎಲೆಬುಟ್ಟಿಗಳ ನಡುವೆ ಕೂತು ನಾನು ಒಂದು ಪೂರ್ತಿ ಸಿನಿಮಾ ಬರೆದೆ. ನನಗಾಗ ಹದಿನೈದು ವರ್ಷ. ನೀವು ನಂಬದ ಭಾಗ ಇದಲ್ಲ. ಬರೆಯುವುದು ಯಾರಿಗೆ ಬೇಕಾದರೂ ಬರುತ್ತದೆ, ಕೆಲವು ದಿನ ಊಟ ಬಿಟ್ಟು ಕೂತರೆ ಆಯಿತು. (ನಾನು ಊಟ ಬಿಟ್ಟಿರಲಿಲ್ಲ. ನಮ್ಮ ಅವ್ವನ ಮುಂದೆ ಊಟ ಬಿಡುವುದು ಸಿನಿಮಾ ಬರೆಯುವುದಕ್ಕಿಂತ ಕಷ್ಟ.) ನೀವು ನಂಬದಿರುವುದು ಅದನ್ನು ತಿದ್ದಿದ ಕಥೆ. ತಿದ್ದಿ ತಿದ್ದಿ ನನ್ನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು. ಈಗ ಸ್ವಲ್ಪ ಒಳಗೆ ಹೋಗಿದೆ. ಆದರೆ ದಣಿವು ಮಾತ್ರ ಹಾಗೇ ಇದೆ.

ನಮ್ಮದು ವೀಳ್ಯದೆಲೆಯ ವ್ಯಾಪಾರ. ಬೆಳಿಗ್ಗೆ ತೋಟದಿಂದ ಎಲೆ ಬರುತ್ತದೆ. ಅದನ್ನು ನೀರು ಚಿಮುಕಿಸಿ ಪಡಸಾಲೆಯಲ್ಲಿ ರಾಶಿ ಹಾಕುತ್ತಾರೆ. ಅವ್ವ, ನಾವು ಖಾಲಾ ಅಂತ ಕರೆಯುವ ಪಕ್ಕದ ಮನೆಯ ಚಿಕ್ಕಮ್ಮ, ಓಣಿಯ ಇನ್ನಷ್ಟು ಹೆಂಗಸರು ಸುತ್ತ ಕೂತು ತೂತು ಬಿದ್ದದ್ದು, ಹಳದಿ ಆದದ್ದು ತೆಗೆದು, ಒಳ್ಳೆಯ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕವಳಿ ಕಟ್ಟುತ್ತಾರೆ. ಸಂಜೆಗೆ ಕವಳಿಗಳೆಲ್ಲ ಬುಟ್ಟಿ ಸೇರಬೇಕು. ಬುಟ್ಟಿಗಳು ಕೈಗಾಡಿಯ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅಲ್ಲಿ ಅಪ್ಪ ಮೊದಲೇ ಹೋಗಿ, ಬಸ್ಸಿನ ತಲೆಯ ಮೇಲೆ ಜಾಗ ಹಿಡಿದು, ಕಂಡಕ್ಟರ್ ಜೊತೆ ಹಲ್ಲು ಕಿರಿಯುತ್ತ ನಿಂತಿರುತ್ತಾನೆ. ಬಸ್ ತಪ್ಪಿದರೆ ಎಲೆ ರಾತ್ರಿಯೆಲ್ಲ ಬುಟ್ಟಿಯೊಳಗೆ ಕಾವು ಹಿಡಿದು, ಬೆಳಿಗ್ಗೆ ನಮ್ಮ ಎಮ್ಮೆಯ ಬಣ್ಣಕ್ಕೆ ತಿರುಗುತ್ತದೆ.

ಆ ಸುತ್ತಿನಲ್ಲಿ ಅವ್ವ ಮತ್ತು ಖಾಲಾ ನಡುವೆ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಅದು ನನ್ನದು. ಶಾಲೆ ಬಿಡಿಸಿದ ಮರುದಿನ ನಾನು ಅಲ್ಲಿ ಕೂರಬೇಕು, ಆಮೇಲೆ ಏಳಬಾರದು. ಯಾರೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆ ಜಾಗದಲ್ಲಿ ಬೆಕ್ಕು ಕೂತರೂ ಖಾಲಾ ಓಡಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ಊರಿಗೆ ಟೆಂಟ್ ಸಿನಿಮಾ ಬಂತು.

ಟೆಂಟಿನ ಮ್ಯಾನೇಜರ್ ಸಾಹೇಬರು ದಿನಾ ಬೆಳಿಗ್ಗೆ ಎಲೆ ಒಯ್ಯಲು ನಮ್ಮ ಮನೆಗೇ ಬರುತ್ತಿದ್ದರು. ಅವರ ಬಾಯಿ ಖಾಲಿ ಇದ್ದದ್ದನ್ನು ಕಂಡವರಿಲ್ಲ. ನಿದ್ದೆಯಲ್ಲೂ ಅಡಿಕೆ ಕಡಿಯುವ ಸದ್ದು ಬರುತ್ತದೆ ಅಂತ ಊರಲ್ಲಿ ಮಾತಿತ್ತು. ಮಾತು ನಾನೇ ಹಬ್ಬಿಸಿದ್ದು. ಒಂದು ದಿನ ಅವರು ಕವಳಿ ಆರಿಸುತ್ತಿರುವಾಗ ನಾನು ಸುಮ್ಮನಿರಲಾರದೆ, ಹಿಂದಿನ ದಿನದ ಸಿನಿಮಾ ಮುಗಿದ ರೀತಿ ಏನೇನೂ ಚೆನ್ನಾಗಿರಲಿಲ್ಲ ಅಂದುಬಿಟ್ಟೆ.

"ಹಂಗಾರ ನೀನ ಬರಿ ತಂಗಿ, ಛಂದ ಆಗೂಹಂಗ," ಅಂದರು.

"ಬರದ್ರ ಏನ್ ಮಾಡ್ತೀರಿ?"

"ನನ್ನ ಹೆಂಡ್ತಿ ತಮ್ಮ ಮದ್ರಾಸಿನ್ಯಾಗ ಸ್ಟುಡಿಯೋದಾಗ ಅದಾನ. ಲೈಟ್ ಹಿಡೀತಾನ. ಡೈರೆಕ್ಟರ್ ಮಾರಿ ಮ್ಯಾಲ ಅವನ ಬೆಳಕು ಬೀಳಬೇಕು, ತಿಳೀತ? ಮಳಿ ಹತ್ತೂ ಮುಂದ ಕಡೀ ಊರು ಹಿರೇಕೆರೂರಾಗ ಟೆಂಟ್ ಬಿಚ್ಚಿ ನಾ ಸೀದಾ ಅಲ್ಲಿಗೇ ಹೊಂಟೇನಿ. ಟ್ರಂಕಿನ್ಯಾಗ ನಿನ್ನ ಸಿನಿಮಾ ಇದ್ರ ಅವನ ಕೈಯಾಗ ಇಡ್ತೇನಿ. ಇಲ್ಲಂದ್ರ ಇಲ್ಲ."

ಅವರು ಚೇಷ್ಟೆಗೆ ಅಂದರೋ ಖರೇನೇ ಅಂದರೋ ನಾನು ವಿಚಾರಿಸಲಿಲ್ಲ. ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಹೇಳಿ ಮುಗಿಸಿದ್ದೆ. ಸಂಜೆಗೆ ಹತ್ತಿಮತ್ತೂರಿನಿಂದ ನಡೆದು ಬರುವ ಹುಡುಗಿಯರು ತಮ್ಮೂರಿಗೂ ಸುದ್ದಿ ಒಯ್ದರು. ಇನ್ನು ನನ್ನ ಸಿನಿಮಾ ಆ ಟ್ರಂಕು ಸೇರಲೇಬೇಕಿತ್ತು. ಸೇರದಿದ್ದರೆ ಆ ಖಾಲಿ ಜಾಗ.

ಮೊದಲ ಪ್ರತಿಯನ್ನು ಸಿನಿಮಾದ ಹ್ಯಾಂಡ್‌ಬಿಲ್ಲುಗಳ ಹಿಂದೆ ಬರೆದೆ. ಹಳದಿ, ಗುಲಾಬಿ ಬಣ್ಣದವು. ಸಾಹೇಬರೇ ಒಂದು ಕಟ್ಟು ಕೊಟ್ಟಿದ್ದರು. ರಾಜ, ರಾಣಿ, ಕಳೆದುಹೋದ ಅವಳಿ ಮಕ್ಕಳು, ಒಂದು ಕುದುರೆ. ಕುದುರೆಗೂ ಒಂದು ಹಾಡು ಕೊಟ್ಟಿದ್ದೆ. ಬರೆದು ಮುಗಿಸಿ, ನನ್ನಂಥವಳು ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ ಅನ್ನುವ ಮುಖ ಮಾಡಿಕೊಂಡು ಸಾಹೇಬರ ಕೈಗಿಟ್ಟೆ. ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಕಡೆಗೆ ಎದ್ದು ಅಂಗಳಕ್ಕೆ ಓಡಿ ಬಾಯಿಯದನ್ನೆಲ್ಲ ಉಗುಳಿ ಬಂದರು. ಅವರ ಖಾಲಿ ಬಾಯಿಯನ್ನು ನಾನು ನೋಡಿದ್ದು ಅವತ್ತೊಂದೇ ದಿನ.

"ತಂಗಿ, ಇದೇನಿದು? 'ಹೀರೋ ಬಾಗಲದಾಗ ನಿಂತಾನ, ಚಟಕ್, ಹೀರೋ ಮಂಚದ ಮ್ಯಾಲ ಕುಂತಾನ'?"

"ಸಿನಿಮಾದಾಗ ಹಂಗ ಇರ್ತೈತೆಲ್ರಿ?"

"ಅದು ಸಿನಿಮಾ ಅಲ್ಲ ನಮ್ಮವ್ವ! ರೀಲ್ ಹರದದ್ದು! ಊರೂರು ತಿರುಗಿ, ಹರದು, ಅಂಟಿಸಿ ಕಡೀಕ ನಮ್ಮ ಟೆಂಟಿಗೆ ಬರ್ತೈತಿ. ನಡುವಿನ ತುಣುಕ ಹೋಗಿರ್ತೈತಿ. ಹೀರೋ ಪಾಪ ನಡಕೋತನ ಹೋಗಿರ್ತಾನ!"

ನಾನೇನು ಮಾಡಲಿ? ಹುಟ್ಟಿದಾಗಿನಿಂದ ಹರಿದ ಸಿನಿಮಾವನ್ನೇ ನೋಡಿದ್ದೆ. ದೊಡ್ಡ ಮನುಷ್ಯರು ಹಾಗೇ ಚಟಕ್ ಅಂತ ಹೋಗುತ್ತಾರೆ ಅಂತ ತಿಳಿದಿದ್ದೆ. ಅಷ್ಟೇ ಅಲ್ಲ, ಟೆಂಟಿನಲ್ಲಿ ಇದ್ದದ್ದು ಒಂದೇ ಮಷೀನು. ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು, ಶೇಂಗಾದವನು ಕೂಗುತ್ತಿದ್ದ. ನಾನು ಅದನ್ನೂ ಬರೆದಿದ್ದೆ: 'ರಾಣಿ ವಿಷದ ಬಟ್ಟಲು ಎತ್ತುತ್ತಾಳೆ. ದೀಪ ಹತ್ತುತ್ತದೆ. ಶೇಂಗಾ.'

"ಮದ್ರಾಸಿಗೆ ಶೇಂಗಾನೂ ನಾವು ಕಳಸಬೇಕೇನ?" ಅಂತ ಸಾಹೇಬರು ಕಣ್ಣೊರೆಸಿಕೊಂಡರು. ಆಮೇಲೆ ಹಾಳೆಗಳನ್ನು ತಿರುಗಿ ಕೊಟ್ಟು, "ಆದ್ರ ಬಿಡಬ್ಯಾಡ. ತಿದ್ದು," ಅಂದರು.

ಆ ಒಂದು ಮಾತಿನಿಂದ ನನ್ನ ಆಯುಷ್ಯದ ಅರ್ಧ ಹೋಯಿತು.

ಟೆಂಟು ಶಿಗ್ಗಾಂವಿಗೆ ಹೋಯಿತು. ಸಾಹೇಬರಿಗೆ ಬೇರೆ ಊರಿನ ಎಲೆ ಬಾಯಿಗೆ ಹತ್ತುವುದಿಲ್ಲ, ಹಾಗಾಗಿ ಅಪ್ಪ ದಿನಾ ಬಸ್ಸಿಗೆ ಅವರ ಹೆಸರಿನ ಒಂದು ಸಣ್ಣ ಬುಟ್ಟಿ ಹಾಕುತ್ತಿದ್ದ. ನಾನು ತಿದ್ದಿದ ಹಾಳೆಗಳನ್ನು ಆ ಬುಟ್ಟಿಯಲ್ಲಿ, ಎಲೆಗಳ ಕೆಳಗೆ ಇಡುತ್ತಿದ್ದೆ. ಖಾಲಿ ಬುಟ್ಟಿ ತಿರುಗಿ ಬರುವಾಗ ಅದರಲ್ಲಿ ಹಾಳೆಗಳೂ ಸಾಹೇಬರ ಒಂದು ಚೀಟಿಯೂ ಇರುತ್ತಿದ್ದವು. ಎಲೆ ಒದ್ದೆ, ನನ್ನ ಮಸಿ ಅಗ್ಗದ್ದು. ಮೊದಲ ಸಲವೇ, 'ಎರಡನೇ ರೀಲು' ಅಂತ ನಾನು ಹೆಸರಿಟ್ಟ ಭಾಗ ಪೂರ್ತಿ ಕರಗಿ ಎಲೆಗಿಳಿಯಿತು. ಸಾಹೇಬರು ನೋಡದೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರಂತೆ. ಅವರ ತುಟಿ ದಿನವೆಲ್ಲ ನೇರಳೆಹಣ್ಣಿನ ಹಾಗಿತ್ತು ಅಂತ ಕಂಡಕ್ಟರ್ ಹೇಳಿದ. ನನ್ನ ಸಿನಿಮಾವನ್ನು ಮೊದಲು ಸವಿದವರು ಅವರೇ. ಚೀಟಿಯಲ್ಲಿ ಮಾತ್ರ, ಎರಡನೇ ರೀಲು ಛಂದ ಐತಿ, ಓದಾಕ ಬರಲಿಲ್ಲ, ಅಂತ ಬರೆದಿದ್ದರು. ಮುಂದೆ ನಾನು ಹಾಳೆಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕಳಿಸತೊಡಗಿದೆ.

ಸಾಹೇಬರ ತಿದ್ದುಪಡಿಯ ಲೆಕ್ಕ ಒಂದೇ, ಬೀಡಿ. ಯಾವ ಸೀನಿಗೆ ಜನ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಾರೋ ಅಂಥ ಸೀನು ಇರಬಾರದು. ಶಿಗ್ಗಾಂವಿಯಿಂದ ಬರೆದರು: ಇಲ್ಲಿಯವರು ಜಗಳ ಬಂದ್ರ ಬೀಡಿ ಮರೀತಾರ, ಜಗಳ ಹಾಕು. ಹಾಕಿದೆ. ರಾಣಿ ಕೂಡ ಇಬ್ಬರನ್ನು ಹೊಡೆದಳು. ಟೆಂಟು ಹಾನಗಲ್ಲಿಗೆ ಹೋಯಿತು. ಇಲ್ಲಿಯವರು ದೇವರು ಬಂದ್ರ ಬೀಡಿ ಆರಿಸಿ ಕೈ ಮುಗೀತಾರ, ದೇವರನ್ನ ತಾ. ತಂದೆ. ಆದರೆ ಶಿಗ್ಗಾಂವಿಯ ಜಗಳ ಇನ್ನೂ ನಡೆದಿತ್ತು, ದೇವರು ಅದರ ನಡುವೆ ಇಳಿಯಬೇಕಾಯಿತು. ಇಳಿದವರು ಸುಮ್ಮನೆ ನಿಂತರೆ ಚೆನ್ನಾಗಿರುತ್ತದೆಯೇ? ಅವರಿಗೂ ಒಂದು ದೊಣ್ಣೆ ಕೊಟ್ಟೆ.

ಸಾಹೇಬರಿಗೆ ಬೀಡಿ ಇದ್ದ ಹಾಗೆ ನನಗೆ ಎಲೆ ಆರಿಸುವ ಕೈಗಳಿದ್ದವು. ಇದು ನಾನು ಕಂಡುಹಿಡಿದದ್ದು, ಬೇರೆ ಯಾರೂ ಅಲ್ಲ. ತಿದ್ದಿದ್ದನ್ನು ದಿನಾ ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಹೆಂಗಸರು ಬಾಯಿಂದ "ಭಾಳ ಛಂದ ಐತಿ ಬಿಡವಾ" ಅನ್ನುತ್ತಿದ್ದರು, ಬಾಯಿಯ ಮಾತಿಗೆ ಏನು ಬೆಲೆ? ನಾನು ಹಾಳೆಯ ಅಂಚಿನಿಂದ ಅವರ ಬೆರಳು ನೋಡುತ್ತಿದ್ದೆ. ಸೀನು ಬೇಸರವಾದರೆ ಬೆರಳು ಓಡುತ್ತಿದ್ದವು, ಕಥೆಯಿಂದ ತಪ್ಪಿಸಿಕೊಂಡು ಎಲೆಯೊಳಗೆ ಹೊಕ್ಕವರ ಹಾಗೆ. ಸೀನು ಹಿಡಿದರೆ ಬೆರಳು ನಿಧಾನ ಆಗುತ್ತಿದ್ದವು. ಎಲ್ಲರ ಕೈ ಒಮ್ಮೆಲೇ ನಿಲ್ಲುವಂಥ ಸೀನು ಬರೆಯಬೇಕು ಅಂತ ನನ್ನ ಹಟ. ದೇವರು ದೊಣ್ಣೆ ತಿರುಗಿಸಿದ ದಿನವಂತೂ ಪಡಸಾಲೆಯಲ್ಲಿ ಎಲೆ ಹಾರಾಡಿದವು. ಅಷ್ಟು ಜೋರಾಗಿ ಕೆಲಸ ನಡೆಯಿತು.

ಬಸ್ ಸ್ಟ್ಯಾಂಡಿಗೆ ಹೊರಡುವ ಮುಂಚೆ ಅಪ್ಪ ಬುಟ್ಟಿಗಳನ್ನು ನೋಡಿ ಹಿಗ್ಗಿದ. "ಇವತ್ತ ಎಷ್ಟು ಲಗೂ ಮುಗಿಸೀರಿ!"

"ನಿನ್ನ ಮಗಳು ಓದಿದ್ಲು," ಅಂದಳು ಅವ್ವ.

"ಓದವಾ, ದಿನಾ ಓದು. ನೀ ಓದಿದ್ರ ಕೆಲಸ ಓಡ್ತೈತಿ. ಭಾಳ ಚಲೋ ಓದ್ತಿ ನೀ."

ಅಪ್ಪನಿಗೆ ನಾನು ಓದುವುದು ಯಾವುದೋ ಶಾಲೆಯ ಕಥೆ. ಟ್ರಂಕಿನ ವಿಷಯ ಊರಿಗೆಲ್ಲ ಗೊತ್ತಿದ್ದರೂ ಅವನಿಗೆ ಯಾರೂ ಹೇಳಿರಲಿಲ್ಲ, ಸಾಹೇಬರ ಬುಟ್ಟಿಯೊಳಗಿನ ಬಾಳೆಪಟ್ಟೆಯನ್ನು ಅವನು ಬಿಚ್ಚಿ ನೋಡಿದವನಲ್ಲ. ತಲೆಯ ಮೇಲೆ ಕೈಯಿಟ್ಟು ಹೊಗಳಿದ. ಅವನು ಹೊಗಳಿದಷ್ಟೂ ನನ್ನ ಜೀವ ಕುಗ್ಗಿತು. ಅಪ್ಪ ಹೊಗಳಿದ ಅಂದರೆ ಸಿನಿಮಾ ಕೆಟ್ಟಿದೆ. ಅವನು ದಿನಾ ಹೊಗಳಿದ. ನಾನು ದಿನಾ ತಿದ್ದಿದೆ.

ಟೆಂಟು ಹಿರೇಕೆರೂರು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು, ನನಗೆ ಸಾಕಾಗಿತ್ತು. ಅಲ್ಲಿಯ ಹೆಣ್ಣುಮಕ್ಕಳು ಅಳಲಿಕ್ಕೇ ಬರುತ್ತಾರೆ, ರಾಣಿ ಸಾಯಬೇಕು ಅಂತ ಚೀಟಿ ಬಂತು. ಸಾಯಿಸಿದೆ. ಖಾಲಾ ಒಪ್ಪಲಿಲ್ಲ.

"ಯಾಕ ಬೇಟಿ, ಅಕೀ ನಿನಗೇನ್ ಮಾಡ್ಯಾಳ? ಉಳಸು ಅಕೀನ್ನ."

"ಸಾಹೇಬ್ರು ಸಾಯಬೇಕು ಅಂತಾರ ಖಾಲಾ."

"ಸಾಹೇಬ ಸಾಯ್ಲಿ. ರಾಣಿ ಯಾಕ?"

ಉಳಿಸಿದೆ. ಸಾಹೇಬರು ಮತ್ತೆ ಸಾಯಿಸು ಅಂದರು. ಹಾವು ಕಚ್ಚಿಸಿದೆ. ಬಾವಿಗೆ ಹಾಕಿದೆ. ಕುದುರೆಯಿಂದ ಕೆಡವಿದೆ, ಆ ಹಾಡುವ ಕುದುರೆಯಿಂದಲೇ. ಖಾಲಾ ಪ್ರತಿ ಸಲ ಎಬ್ಬಿಸಿದಳು. ಕಡೆಕಡೆಗೆ ರಾಣಿ ಹಾಳೆಯೊಳಗಿಂದಲೇ ನನ್ನನ್ನು ನೋಡಿ, ಏನಾದರೂ ಒಂದು ಮಾಡು ತಾಯಿ, ಮಲಗಲಿಕ್ಕಾದರೂ ಬಿಡು, ಅಂದ ಹಾಗಾಗುತ್ತಿತ್ತು. ಒಂದೇ ಮಾತನ್ನು ಮತ್ತೆ ಮತ್ತೆ ಬರೆದರೆ ಅದು ಮಾತಾಗಿ ಉಳಿಯುವುದಿಲ್ಲ. 'ಪ್ರಾಣನಾಥಾ' ಅಂತ ಬರೆದು ನೋಡುತ್ತ ಕೂತರೆ ಅದು ಯಾವುದೋ ಊರಿನ ಹೆಸರಿನ ಹಾಗೆ ಕಾಣುತ್ತಿತ್ತು. ಶಾಲೆಯಲ್ಲಿ ಹುಡುಗಿಯರು "ಏನಾತ ನಿನ್ನ ಸಿನಿಮಾ?" ಅಂದರೆ "ಪೋಸ್ಟರ್ ಪೇಂಟಿಂಗ್ ನಡದೈತಿ" ಅಂತ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮೊದಲು ಹೀಗೆ ಸುಳ್ಳು ಹೇಳುವಾಗ ನನಗೆ ಹುರುಪು ಬರುತ್ತಿತ್ತು. ಈಗ ಅದೂ ಕೆಲಸದ ಹಾಗೆ ಆಗಿತ್ತು.

ಆಗ ಕೊನೆಯ ಚೀಟಿ ಬಂತು.

'ಮೋಡ ಕಟ್ಟೈತಿ. ಟೆಂಟ್ ಬಿಚ್ಚಾಕತ್ತೇವಿ. ನಾಡದ ಮುಂಜಾನಿ ನಾ ಮದ್ರಾಸಿಗೆ ಹೊಂಟೇನಿ. ಹಿಂದಿಂದು ಎಲ್ಲಾ ಆತು, ಕಡೀ ಸೀನು ಬ್ಯಾರೆ ಬರಿ, ಇದಕ್ಕ ಬೀಡಿ ಹಚ್ಚತಾರ. ನಾಳಿ ಸಂಜಿ ಬಸ್ಸಿಗೆ ಬಂದ್ರ ಟ್ರಂಕಿಗೆ. ಮುಂದಿನ ವರ್ಷ ಈ ಕಡೆ ಬರೂದು ಖಾತ್ರಿ ಇಲ್ಲ.'

ಚೀಟಿಯ ಜೊತೆ ಹಾಳೆಗಳೆಲ್ಲ ತಿರುಗಿ ಬಂದಿದ್ದವು. ಮರುದಿನ ನಾನು ಶಾಲೆಗೆ ಹೋಗಲಿಲ್ಲ, ಹೊಟ್ಟೆನೋವು ಅಂದೆ. ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ, ಹ್ಯಾಂಡ್‌ಬಿಲ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಏನೂ ಬರಲಿಲ್ಲ. ರಾಜನೂ ಬರಲಿಲ್ಲ, ದೇವರೂ ದೊಣ್ಣೆ ಒಗೆದು ಹೋಗಿದ್ದ. ಎದುರಿಗೆ ಅವ್ವ, ಖಾಲಾ, ಉಳಿದವರು, ಎಲೆಯ ರಾಶಿ. ಹೊಸದಾಗಿ ಏನನ್ನೂ ಹುಟ್ಟಿಸುವ ಶಕ್ತಿ ನನ್ನಲ್ಲಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೇ ಬರೆದೆ.

ಬಾವಿಗೆ ಬಿದ್ದರೂ ಸಾಯದ ರಾಣಿ ಯಾವುದೋ ಊರು ಸೇರಿ, ಒಂದು ಪಡಸಾಲೆಯಲ್ಲಿ ಎಲೆ ಆರಿಸುತ್ತಿದ್ದಾಳೆ. ರಾಶಿಯಲ್ಲಿ ಒಂದು ಬಹಳ ಒಳ್ಳೆಯ ಎಲೆ ಸಿಗುತ್ತದೆ. ಅದನ್ನು ಕವಳಿಗೆ ಸೇರಿಸುವುದಿಲ್ಲ, ಮೊಣಕಾಲ ಕೆಳಗೆ ಎತ್ತಿಡುತ್ತಾಳೆ. ದೂರದಲ್ಲಿ ಬಸ್ಸು ಹಾರ್ನ್ ಹಾಕುತ್ತದೆ. ಬಾಗಿಲ ಕಡೆ ನೋಡುತ್ತಾಳೆ. ಯಾರೂ ಬರುವುದಿಲ್ಲ. ಬಿಸಿಲು ಗೋಡೆಯಿಂದ ಇಳಿಯುತ್ತದೆ. ಮತ್ತೆ ನೋಡುತ್ತಾಳೆ. ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಆ ಎಲೆ ತೆಗೆಯುತ್ತಾಳೆ. ಬಾಡಿದೆ. ಅಂಗೈ ಮೇಲಿಟ್ಟು ಸರಿ ಮಾಡಿ, ಸುಣ್ಣ ಹಚ್ಚಿ, ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಮಾತಿಲ್ಲ. ಹಾಡಿಲ್ಲ. ಕುದುರೆಯನ್ನು ಕೂಡ ನಾನು ಕರೆಯಲಿಲ್ಲ.

ಇದು ಸಿನಿಮಾ ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಕಳಿಸುವ ಮುನ್ನ ಒಮ್ಮೆ ಓದಿ ನೋಡಬೇಕು. ಆಗಲೇ ಹೊತ್ತು ಇಳಿಯುತ್ತಿತ್ತು. ಇನ್ನೂ ಒಂದು ರಾಶಿ ಎಲೆ ಉಳಿದಿತ್ತು, ಸಾಹೇಬರ ಸಣ್ಣ ಬುಟ್ಟಿ ಬಾಯಿ ತೆರೆದು ಕೂತಿತ್ತು. ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿಯಾಗಿತ್ತು. ಗಾಡಿಯ ಕಾಕಾ ಬುಟ್ಟಿ ಒಯ್ಯಲು ಬಂದು, ಹೊಸ್ತಿಲ ಮೇಲೆ ಕೂತು ಬೀಡಿ ಬಾಯಿಗಿಟ್ಟುಕೊಂಡಿದ್ದ.

"ಲಗೂ ಕೈ ಹಾಕ್ರಿ," ಅಂದಳು ಅವ್ವ. "ನೀ ಓದವಾ, ಓದಿದ್ರ ಓಡ್ತೈತಿ."

ಎದ್ದು ನಿಂತು ಓದತೊಡಗಿದೆ. ಬೇರೆ ದಿನ ರಾಜನಿಗೆ ಒಂದು ದನಿ, ರಾಣಿಗೆ ಒಂದು ದನಿ, ಕುದುರೆಗೆ ಒಂದು ದನಿ ಮಾಡುತ್ತಿದ್ದವಳು ಅವತ್ತು ಯಾವ ದನಿಯನ್ನೂ ಮಾಡಲಿಲ್ಲ. ಸುಸ್ತಾಗಿತ್ತು. ರಾಣಿ ಎಲೆಯನ್ನು ಮೊಣಕಾಲ ಕೆಳಗೆ ಇಟ್ಟಳು ಅನ್ನುವಲ್ಲಿ ಹಾಳೆಯ ಅಂಚಿನಿಂದ ನೋಡಿದೆ. ಖಾಲಾಳ ಕೈ ನಿಂತಿತ್ತು. ಎಲೆ ಅವಳ ಎರಡು ಬೆರಳ ನಡುವೆ ಹಾಗೇ ಇತ್ತು. ಆಮೇಲೆ ಅವಳ ಪಕ್ಕದವಳ ಕೈ. ಆಮೇಲೆ ಅವ್ವನದು. ಕಾಕಾ ಕಡ್ಡಿ ಗೀರಿದವನು ಬೀಡಿಗೆ ಮುಟ್ಟಿಸದೆ ನನ್ನನ್ನೇ ನೋಡುತ್ತಿದ್ದ. ಕಡ್ಡಿ ಉರಿದು ಬೆರಳಿಗೆ ಬಂದಾಗ ಕೊಡವಿದ, ಇನ್ನೊಂದು ಗೀರಲಿಲ್ಲ.

ನೀವು ನಂಬುವುದಿಲ್ಲ ಅಂದದ್ದು ಇದಕ್ಕೇ. ಪಡಸಾಲೆಯಲ್ಲಿ ಒಂದು ಕೈಯೂ ಆಡುತ್ತಿರಲಿಲ್ಲ. ಆ ನಿಂತ ಗಳಿಗೆ ಬೇಗ ಓದಿದರೆ ಒಡೆದುಹೋದೀತು ಅಂತ ನಾನು ನಿಧಾನ ಮಾಡಿದೆ. 'ದೂರದಲ್ಲಿ ಬಸ್ಸು ಹಾರ್ನ್ ಹಾಕುತ್ತದೆ' ಅಂತ ಓದಿದೆ. ಆ ಹೊತ್ತಿಗೆ ಸರಿಯಾಗಿ ದೂರದಲ್ಲಿ ಒಂದು ಹಾರ್ನ್ ಕೇಳಿತು. ಉದ್ದಕ್ಕೆ, ಯಾರನ್ನೋ ಕರೆಯುವ ಹಾಗೆ. ಇನ್ನೊಮ್ಮೆ ಕೇಳಿತು. ಹೆಂಗಸರೆಲ್ಲ ಒಟ್ಟಿಗೆ ಬಾಗಿಲ ಕಡೆ ನೋಡಿದರು, ಸೀನಿನಲ್ಲಿ ರಾಣಿ ನೋಡಿದ ಹಾಗೆ. ನನ್ನ ಸಿನಿಮಾಕ್ಕೆ ದೇವರೇ ಹಾರ್ನ್ ಹಾಕಿದ ಅಂದುಕೊಂಡು ನಾನು ಇನ್ನೂ ನಿಧಾನ ಮಾಡಿದೆ. ಕೊನೆಯ ಸಾಲು ಓದಿ ಹಾಳೆ ಕೆಳಗಿಳಿಸಿದೆ.

ಯಾರೂ ಭಾಳ ಛಂದ ಐತಿ ಅನ್ನಲಿಲ್ಲ.

ಅವ್ವ ಸಣ್ಣ ದನಿಯಲ್ಲಿ ಕೇಳಿದಳು: "ಅಕೀ ಯಾರ ಹಾದಿ ನೋಡಾಕತ್ತಾಳ?"

"ಗೊತ್ತಿಲ್ಲ ಬೇ."

"ಗೊತ್ತಿಲ್ಲಂದ್ರ? ಬರದಾಕಿ ನೀನ ಹೌದಿಲ್ಲೋ?"

"ಅಕೀಗೆ ಗೊತ್ತೈತಿ, ಬಿಡು," ಅಂದಳು ಖಾಲಾ. ಬೆರಳ ನಡುವಿನ ಎಲೆಯನ್ನು ಅವಳು ಇನ್ನೂ ಕೆಳಗಿಟ್ಟಿರಲಿಲ್ಲ. "ಈ ಸಲ ಸಾಯಿಸಲಿಲ್ಲ, ಭೇಷ್ ಮಾಡ್ದಿ ಬೇಟಿ. ಇದನ್ನ ತಿದ್ದಬ್ಯಾಡ."

ತಿದ್ದಬ್ಯಾಡ! ಆ ಮಾತು ಕಿವಿಗೆ ಬಿದ್ದ ಕೂಡಲೇ, ನನಗೇ ಗೊತ್ತಿಲ್ಲದೆ ಅವ್ವ ಮತ್ತು ಖಾಲಾ ನಡುವಿನ ಖಾಲಿ ಜಾಗದಲ್ಲಿ ಕೂತುಬಿಟ್ಟೆ. ಒಂದು ನಿಮಿಷ ಅಷ್ಟೇ, ಈಗ ಏಳುತ್ತೇನೆ ಅಂದುಕೊಂಡೆ. ಹಾಳೆಗಳನ್ನೆಲ್ಲ ಕೂಡಿಸಿ ಬಾಳೆಪಟ್ಟೆಯಲ್ಲಿ ಸುತ್ತಿದೆ, ದಾರ ಕಟ್ಟಿದೆ, ಸಾಹೇಬರ ಸಣ್ಣ ಬುಟ್ಟಿಯ ತಳದಲ್ಲಿ ಇಟ್ಟೆ. ಅದರ ಮೇಲೆ ಇಡಲು ಕವಳಿಗೆ ಕೈ ಚಾಚಿದೆ. ಕಟ್ಟಿದ ಕವಳಿಗಳೆಲ್ಲ ದೊಡ್ಡ ಬುಟ್ಟಿ ಸೇರಿದ್ದವು, ಹೊಸದಾಗಿ ಕಟ್ಟಿದ್ದು ಒಂದೂ ಇರಲಿಲ್ಲ.

ಆಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಅಪ್ಪ ನಿಂತಿದ್ದ. ಓಡಿ ಬಂದಿದ್ದ, ಹೆಗಲ ಮೇಲಿನ ವಸ್ತ್ರ ಕೈಗೆ ಬಂದಿತ್ತು. ಕಾಕಾ ಹೊಸ್ತಿಲಿಂದ ದಡಬಡಿಸಿ ಎದ್ದ. ಅಪ್ಪ ಅವನನ್ನು ನೋಡಿದ, ಖಾಲಿ ಗಾಡಿಯನ್ನು ನೋಡಿದ, ಎಲೆಯ ರಾಶಿಯನ್ನು ನೋಡಿದ, ಕಡೆಗೆ ಸುತ್ತ ಕೂತವರ ಕೈಗಳನ್ನು ನೋಡಿದ.

"ಕಂಡಕ್ಟರ್ ಎರಡ ಸಲ ಹಾರ್ನ್ ಹೊಡಿಸಿದ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಉಸಿರಷ್ಟೇ ಇತ್ತು. "ಹಿರೇಕೆರೂರು ಬಸ್ ಹೋತು."

ಅಪ್ಪ ನನ್ನ ಕಡೆ ತಿರುಗಿದ. ನಾನು ಸಣ್ಣ ಬುಟ್ಟಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದೆ. ಚಲೋ ಓದ್ತಿ ಅಂತ ಅವನು ಅನ್ನಲಿಲ್ಲ.